ಆಳು ಬಿದ್ದ ಮರ

“ಸತ್ತಿದ್ರೆ ಒಂದು ಕುರಿ ಕಡ್ದು ಮುಗಿಸ್ತಿದ್ವಿ. ನಿನ್ ಮಗ ಸಾಯ್ಲೂ ಇಲ್ಲ, ಎದ್ದು ಓಡಾಡ್ಲೂ ಇಲ್ಲ. ಈಗ ನಾನೇನ್ ಮಾಡ್ಲಿ ಹೇಳು ಹನುಮಂತವ್ವ?”

ಮಾಲತೇಶ ಹೊಸ್ತಿಲ ಆಚೆ ನಿಂತು ಮೂಗಿಗೆ ಟವಲ್ಲು ಒತ್ತಿಕೊಂಡಿದ್ದ. ನಾನು ಒಳಗೆ ಮಗನನ್ನು ಎಡಮಗ್ಗುಲಿಗೆ ಹೊರಳಿಸಿ, ಮೊಣಕೈಯಿಂದ ಅವನ ಸೊಂಟ ತಡೆದುಕೊಂಡು, ಉಪ್ಪುನೀರಿನಲ್ಲಿ ಹುಣ್ಣು ತೊಳೆಯುತ್ತಿದ್ದೆ. ಬೆನ್ನು ಮುಗಿಯುವಲ್ಲಿ ನನ್ನ ಅಂಗೈ ಅಗಲದ ಹುಣ್ಣು. ಅಂಚು ಕೆಂಪಗಿತ್ತು, ಅದು ಒಳ್ಳೆಯದು. ಕಪ್ಪಾದರೆ ಭಯ. ಮಗ ಗೋಡೆಯ ಕಡೆ ಮುಖ ಮಾಡಿದ್ದ. ಕೇಳಿಸಿಕೊಂಡನೋ ಇಲ್ಲವೋ, ಬೆನ್ನು ನೋಡಿದರೆ ತಿಳಿಯುವುದಿಲ್ಲ.

“ಸ್ವಲ್ಪ ತಡೀರಿ. ಬಟ್ಟೆ ಕಟ್ಟಿ ಬರ್ತೀನಿ,” ಎಂದೆ.

“ಏನ್ ನಾತನವ್ವ ಇದು! ಹೆಂಗೆ ಉಣ್ತೀರಿ ಇದ್ರೊಳಗೆ?”

“ಹಸಿವಿಗೆ ಮೂಗಿಲ್ಲ ಬಿಡ್ರಿ.”

ಮಾಲತೇಶ ಖೇಣಿ ಹಿಡಿಯುವವನು. ಮಲ್ಲೇಶಪ್ಪ ಗೌಡರ ಅಡಿಕೆ ತೋಟದ ಫಸಲನ್ನು ಮರದ ಮೇಲಿರುವಾಗಲೇ ಕೊಂಡುಕೊಂಡು, ಗೊನೆ ಇಳಿಸಿ, ಸುಲಿಸಿ, ಬೇಯಿಸಿ ಮಾರುವುದು ಅವನ ಕಸುಬು. ಮರ ಹತ್ತಲು ನನ್ನ ಮಗ ತಿಪ್ಪೇಶಿ, ಸುಲಿಯಲು ನಾನು. ಹೀಗೆ ನಾವಿಬ್ಬರೂ ಅವನ ಆಳುಗಳಾಗಿದ್ದೆವು. ಹೋದ ಸುಗ್ಗಿಯಲ್ಲಿ ತಿಪ್ಪೇಶಿ ಮರದಿಂದ ಬಿದ್ದ. ಅವತ್ತಿನಿಂದ ಎದೆಯ ಕೆಳಗೆ ಅವನ ಮೈ ಅವನದಲ್ಲ. ಅವತ್ತಿನಿಂದ ಇವತ್ತಿನವರೆಗೆ ಮಾಲತೇಶನಾಗಲಿ ಗೌಡರಾಗಲಿ ನಮ್ಮ ಕೇರಿಯ ಕಡೆ ತಲೆ ಹಾಕಿದವರಲ್ಲ.

ಬಟ್ಟೆ ಕಟ್ಟಿ, ಬೆನ್ನಿಗೆ ದಿಂಬು ಕೊಟ್ಟು, ಉಚ್ಚೆಯ ಪೈಪು ಮಡಚಿಕೊಂಡಿಲ್ಲವೆಂದು ನೋಡಿ, ಕೈ ತೊಳೆದು ಹೊರಗೆ ಬಂದೆ.

“ಏನಾಗೈತೆ ಹೇಳ್ರಿ.”

“ಆಳುಗಳು ಮರ ಹತ್ತವಲ್ರು. ನಿಂಗರಾಜ ಬಾಯಿ ಬಿಟ್ಟವ್ನೆ, ಬೋಳಿಮಗ.”

ಆಗ ತಿಳಿಯಿತು ಇವನು ಯಾಕೆ ಬಂದಿದ್ದಾನೆಂದು.

ಮರ ಹತ್ತುವವರಲ್ಲಿ ಒಂದು ನೇಮ ಇದೆ. ತೋಟದಲ್ಲಿ ಆಳು ಬಿದ್ದರೆ ಅವತ್ತಿಗೆ ಎಲ್ಲರೂ ಇಳಿಯುತ್ತಾರೆ. ಬಿದ್ದವನು ಸತ್ತರೆ ಆ ಮರಕ್ಕೆ ಕುರಿ ಕೊಟ್ಟು ಮತ್ತೆ ಹತ್ತುತ್ತಾರೆ. ಬದುಕಿದರೆ, ಬಿದ್ದವನೇ ಬಂದು ಮರದ ಬುಡಕ್ಕೆ ಕುಂಕುಮ ಇಟ್ಟು, “ನಿಂದೇನೂ ತಪ್ಪಿಲ್ಲ, ನಂದೇ ತಪ್ಪು” ಎಂದು ಮುಟ್ಟಬೇಕು. ಅಲ್ಲಿಯವರೆಗೆ ಆ ಮರ ಇನ್ನೊಬ್ಬನನ್ನು ಕೇಳುತ್ತಲೇ ಇರುತ್ತದೆ ಎನ್ನುತ್ತಾರೆ. ನನ್ನ ಗಂಡ ಇರುವಾಗಲೂ ಇದನ್ನೇ ಹೇಳುತ್ತಿದ್ದ. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮುಗಿಲಿನಲ್ಲಿ ತೂಗಾಡುವವರು ಏನನ್ನಾದರೂ ನಂಬಲೇಬೇಕು.

ಹೋದ ವರ್ಷ ಆಳುಗಳು ಇಳಿಯಲಿಲ್ಲ. ಯಾಕೆಂದರೆ ತಿಪ್ಪೇಶಿ ಮರದಿಂದ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅವತ್ತು ಬೆಳಿಗ್ಗೆ ತುಂತುರು ಬಿದ್ದಿತ್ತಂತೆ. ಮರ ಪಾಚಿ ಹಿಡಿದು ಜಾರುತ್ತಿತ್ತು. “ಬಿಸಿಲು ಬರ್ಲಿ ಗೌಡ್ರೇ, ಆಮೇಲೆ ಹತ್ತೀನಿ” ಎಂದಿದ್ದಾನೆ ತಿಪ್ಪೇಶಿ. “ಅಲ್ಲಿ ಒಲೆ ಹಚ್ಚಿ ಹಂಡೆ ಕಾಯ್ತೈತೆ, ನಿಂಗೆ ಬಿಸ್ಲು ಬೇಕೇನಲೇ ದೊರೆಮಗನೇ? ನಿಮ್ಮಪ್ಪ ಜಡಿಮಳೇಲಿ ಹತ್ತುತಿದ್ದ” ಎಂದಿದ್ದಾರೆ ಗೌಡರು. ಹತ್ತಿದ, ಜಾರಿದ, ಬಿದ್ದ. ಆ ಮೂಲೆಯಲ್ಲಿ ಆಗ ಇದ್ದವರು ಗೌಡರು, ಮಾಲತೇಶ, ನಿಂಗರಾಜ, ಮೂವರೇ. ಉಳಿದವರು ತೋಟದ ಆ ತುದಿಯಲ್ಲಿದ್ದರು.

“ತೋಟದಾಗೆ ಇಟ್ಕಬ್ಯಾಡ್ರಿ. ರಸ್ತೆಗೆ ಒಯ್ರಿ” ಎಂದರಂತೆ ಗೌಡರು.

ಕೈ ಹಿಡಿದು ಎಬ್ಬಿಸಿ ಕೂರಿಸಿದರು. ತಿಪ್ಪೇಶಿ, “ಮುಟ್ಟಬ್ಯಾಡ್ರೋ, ನಡ ಮುರಿದೈತೆ” ಎಂದು ಕೂಗಿಕೊಂಡ. ಬಾಯಿಗೆ ಟವಲ್ಲು ತುರುಕಿದರು. ನಿಂಗರಾಜ ಬೈಕು ಓಡಿಸಿದ, ಮಾಲತೇಶ ಹಿಂದೆ ಕೂತ, ನಡುವೆ ನನ್ನ ಮಗನನ್ನು ಗೋಣಿ ಚೀಲದ ಹಾಗೆ ಮಡಚಿ ಒತ್ತಿ ಹಿಡಿದರು. ಚನ್ನಗಿರಿ ರಸ್ತೆಯ ತಿರುವಿನಲ್ಲಿ ಮಲಗಿಸಿ, ಬೈಕನ್ನು ಪಕ್ಕಕ್ಕೆ ಕೆಡವಿ, ಆಂಬುಲೆನ್ಸಿಗೆ ಫೋನ್ ಮಾಡಿದರು. ಬಾಯಿಗೆ ಒಂದಿಷ್ಟು ಸಾರಾಯಿ ಸುರಿದರು.

ನನಗೆ ಸುದ್ದಿ ಮುಟ್ಟಿದಾಗ ಖೇಣಿಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದೆ. “ನಿನ್ ಮಗ ಕುಡ್ದು ಬೈಕಿಂದ ಬಿದ್ನಂತೆ ಹನುಮಂತಕ್ಕ” ಎಂದರು. ನನ್ನ ಮಗ ಕುಡಿಯುವುದಿಲ್ಲ ಎಂದೆ. ಎಲ್ಲ ತಾಯಂದಿರೂ ಹಾಗೇ ಅನ್ನೋದು ಎಂದು ಯಾರೋ ನಕ್ಕರು.

ದಾವಣಗೆರೆ ಆಸ್ಪತ್ರೆಯಲ್ಲಿ ಡಾಕ್ಟರು ಫೋಟೋ ಬೆಳಕಿಗೆ ಹಿಡಿದು ತೋರಿಸಿದರು. “ಬಿದ್ದಾಗ ಮೂಳೆ ಮುರಿದಿದೆ. ಆದರೆ ಆಮೇಲೆ ಯಾರೋ ಬಗ್ಗಿಸಿ ಕೂರಿಸಿದ್ದಾರೆ. ಒಳಗಿನ ನರ ಆಗ ಪೂರ್ತಿ ನಜ್ಜಿರಬಹುದು. ಹಲಗೆ ಮೇಲೆ ಸೀದಾ ಮಲಗಿಸಿ ತರಬೇಕಿತ್ತಮ್ಮ.” ಆ ಮಾತು ಕೇಳಿದ ತಿಪ್ಪೇಶಿ ಕಣ್ಣು ಮುಚ್ಚಿಕೊಂಡ. ಸಂಜೆಯವರೆಗೆ ತೆರೆಯಲಿಲ್ಲ.

ನಿಜವನ್ನು ಅವನು ನನಗೆ ಹೇಳಿದ. ನಾನು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬೈಕು ಎಂದಿತ್ತು, ಪೊಲೀಸರ ಬಾಯಲ್ಲೂ ಬೈಕು. ಚನ್ನಗಿರಿಯ ಕಾರ್ಮಿಕರ ಕಚೇರಿಗೆ ಹೋದರೆ, ಫ್ಯಾನಿನ ಕೆಳಗಿದ್ದ ಸಾಹೇಬರು ಬಿಸ್ಕತ್ತು ತಿನ್ನುತ್ತಲೇ ಕೇಳಿದರು: “ಕುಡಿದು ಬೈಕಿಂದ ಬಿದ್ದೋನಿಗೆ ಕೂಲಿಕಾರರ ಪರಿಹಾರ ಯಾವ ಲೆಕ್ಕದಾಗೆ ಕೊಡಾದಮ್ಮ?”

“ಮರದಿಂದ ಬಿದ್ದಿದ್ದು ಸ್ವಾಮಿ.”

“ಯಾರು ನೋಡಿದ್ದು? ಮರ ಬಂದು ಸಾಕ್ಷಿ ಹೇಳ್ತದಾ?”

ಅಲ್ಲಿದ್ದವರೆಲ್ಲ ನಕ್ಕರು. ಚಹಾ ಕೊಡಲು ಬಂದವನೂ ನಕ್ಕ.

ಸೊಸೆ ಅರ್ಪಿತಾ ಒಳ್ಳೆಯ ಹುಡುಗಿ. ಕೆಲವು ತಿಂಗಳು ಅವಳೂ ತೊಳೆದಳು, ಬಳಿದಳು. ಜಗಳೂರಿನಿಂದ ಅವಳ ಅಣ್ಣಂದಿರು ಬಂದು, “ಕುಡುಕನಿಗೆ ಕೊಟ್ಟು ಕೆಟ್ವಿ” ಎಂದು ಅವನೆದುರಿಗೇ ಅಂದರು. “ಹೋಗು ಅರ್ಪಿತಾ. ರಕ್ಷಾನ್ನೂ ಕರ್ಕಂಡು ಹೋಗು. ನನ್ ನಾತ ಕೂಸಿಗೆ ಬ್ಯಾಡ” ಎಂದ ತಿಪ್ಪೇಶಿ. ಮಗಳು ಅಪ್ಪನ ಕಾಲಿಗೆ ಕಚಗುಳಿ ಇಟ್ಟು ನೋಡಿದಳು. ಅವನು ನಗಲಿಲ್ಲ. “ಅಪ್ಪ ಸಿಟ್ಟಾಗವ್ನೆ” ಎಂದುಕೊಂಡು ಅಮ್ಮನ ಹಿಂದೆ ಹೋಯಿತು ಕೂಸು.

ಅವತ್ತಿನಿಂದ ಗೋಡೆಯ ಕಡೆ ತಿರುಗಿದ.

ಉಣ್ಣುವುದು ಕಡಿಮೆ ಮಾಡಿದ. ಮೊದಲು ನಾಲಿಗೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು. ಹೊಟ್ಟೆ ಕಟ್ಟಿದರೆ ನಾನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೆರಳಿನಿಂದ ತೆಗೆಯಬೇಕಲ್ಲ, ಅದಕ್ಕೇ ಉಣ್ಣುತ್ತಿರಲಿಲ್ಲ. ಒಳಗೆ ಹಾಕದಿದ್ದರೆ ಹೊರಗೆ ಬರುವುದಿಲ್ಲವಲ್ಲ ಎಂಬ ಲೆಕ್ಕ. “ಚಿಕ್ಕವನಿದ್ದಾಗ ತೊಳೀಲಿಲ್ಲೇನೋ ನಾನು?” ಎಂದರೆ, “ಆವಾಗ ನಂಗೆ ಮೀಸೆ ಇರ್ಲಿಲ್ಲವ್ವ” ಎಂದ.

ಒಂದು ಸಲ ದೊಡ್ಡಾಸ್ಪತ್ರೆಯಿಂದ ಮನಸ್ಸಿನ ಡಾಕ್ಟರು ಅಂತ ಒಬ್ಬ ಹುಡುಗ ಬಂದಿದ್ದ. “ದಿನಾ ಬೆಳಿಗ್ಗೆ ಎದ್ದ ತಕ್ಷಣ ಒಂದು ಒಳ್ಳೆ ಯೋಚನೆ ಮಾಡಿ” ಎಂದು ಹೇಳಿ ಹೋದ. “ಎದ್ದ ತಕ್ಷಣ ಅಂದ್ನಲ್ಲವ್ವ” ಎಂದು ತಿಪ್ಪೇಶಿ ನಕ್ಕಿದ್ದೇ ಕೊನೆ. ಆಮೇಲೆ ಒಂದು ಮಧ್ಯಾಹ್ನ ನಾನು ಮಗ್ಗುಲು ಬದಲಾಯಿಸಲು ಹೋದರೆ ನನ್ನ ಕೈ ಹಿಡಿದುಕೊಂಡ. “ತಿರುವಬ್ಯಾಡವ್ವ. ಹಿಂಗೇ ಬಿಟ್ಬಿಡು. ಕೊಳ್ತು ಹೋಗ್ತೀನಿ. ನಿಂಗೂ ಸಾಕು, ನಂಗೂ ಸಾಕು.” ಕೈ ಬಿಡಿಸಿಕೊಂಡು ಮಗ್ಗುಲು ತಿರುಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದೆ. ನನಗೆ ಗೊತ್ತಿದ್ದ ಮಾತು ಅದೊಂದೇ.

ಈಗ ನಿಂಗರಾಜ ಬಾಯಿ ಬಿಟ್ಟಿದ್ದಾನೆ. ಸುಗ್ಗಿಯ ಮೊದಲ ದಿನ ಅದೇ ಮರ ಹತ್ತಿದವನಿಗೆ ಕಾಲು ಜಾರಿತಂತೆ. ಮರ ಅಪ್ಪಿಕೊಂಡು ಹೇಗೋ ಉಳಿದು, ಇಳಿದವನೇ ಗಡಗಡ ನಡುಗುತ್ತಾ, “ತಿಪ್ಪೇಶಿ ಬಿದ್ದ ಮರ ಕಣ್ರೋ ಇದು, ನಾನೇ ಬೈಕಿನಾಗೆ ಒಯ್ದಿದ್ದು” ಎಂದು ಎಲ್ಲರೆದುರು ಅತ್ತುಬಿಟ್ಟನಂತೆ. ಆಳುಗಳ ಮುಖ್ಯಸ್ಥ ಚಿತ್ತಪ್ಪ ಕಾಲಿನ ಬಳೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ತೋಟದಿಂದ ಹೊರಗೆ ನಡೆದನಂತೆ. ಅವನ ಹಿಂದೆ ಎಲ್ಲರೂ.

“ಬ್ಯಾರೆ ಊರಿಂದ ಆಳು ಕರೆಸ್ರಿ,” ಎಂದೆ ಮಾಲತೇಶನಿಗೆ.

“ಹೊನ್ನಾಳಿ, ನ್ಯಾಮತಿ, ಎಲ್ಲಾ ಕಡೆ ಸುದ್ದಿ ಮುಟ್ಟೈತೆ. ಯಾವ ನನ್ಮಗನೂ ಬರ್ತಿಲ್ಲ. ಕಾಯಿ ಹಣ್ಣಾಗ್ತಾ ಐತೆ ಕಣವ್ವ! ಹಣ್ಣಾದ್ರೆ ಬೇಯ್ಸಾಕೆ ಬರಲ್ಲ, ಗೋಟಡಿಕೆ ಆಗಿ ಅರ್ಧ ರೇಟಿಗೂ ಹೋಗಲ್ಲ. ನಾನು ಮುಳುಗ್ತೀನಿ. ಒಂದು ಗಳಿಗೆ ನಿನ್ ಮಗನ್ನ ತೋಟಕ್ಕೆ ಕಳ್ಸು. ಮರ ಮುಟ್ಟಿ, ನಂದೇ ತಪ್ಪು ಅಂತ ಒಂದ್ ಮಾತು ಅಂದ್ರೆ ಮುಗೀತು. ಟ್ರಾಕ್ಟರ್ ಕಳಿಸ್ತೀನಿ.”

“ಅವ್ನು ಮನೆಯಿಂದ ಹೊರಗೆ ಬರಲ್ಲ.”

“ಹೆಣ ಹೊತ್ತಂಗೆ ಹೊರ್ತೀವಿ. ಬರಲ್ಲ ಅನ್ನಾಕೆ ಅವ್ನಿಗೇನ್ ಕಾಲೈತಾ?”

ನನ್ನ ಬಾಯಿಗೆ ಬಂದ ಬೈಗುಳ ನುಂಗಿದೆ. ಆಗ ಒಳಗಿನಿಂದ ದನಿ ಬಂತು.

“ಬರ್ತೀನಿ ಅನ್ನವ್ವ.”

ಮಾಲತೇಶ ಟವಲ್ಲು ಕೆಳಗಿಳಿಸಿದ. “ಭೇಷ್! ಹುಡುಗ ಬುದ್ಧಿವಂತ” ಎಂದು ಬೀದಿಯ ಕಡೆ ಓಡಿದ.

ನಾನು ಒಳಗೆ ಹೋದೆ. ತಿಪ್ಪೇಶಿ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದ.

“ಯಾಕೋ ಒಪ್ಕಂಡೆ? ನಿಂದೇ ತಪ್ಪು ಅಂತ ಹೇಳ್ತೀಯಾ?”

“ಅವ್ವ, ಮರ ಮುಟ್ಟಾಕೆ ಕರೀತಾರೆ ಅಂದ್ರೆ ಏನು? ಮರದಿಂದ ಬಿದ್ದೆ ಅಂತ ಅವರೇ ಒಪ್ಪಿದಂಗಲ್ವಾ?” ಅವನ ಕಣ್ಣಿನಲ್ಲಿ ನೀರಿರಲಿಲ್ಲ. ಬೇರೆ ಏನೋ ಇತ್ತು. “ಗೌಡ ತನ್ನ ಬಾಯಾಗೆ ಅನ್ಬೇಕು, ಇಲ್ಲೇ ಬಿದ್ದ ಅಂತ. ಆಳುಗಳ ಮುಂದೆ ಅನ್ಬೇಕು. ಅರ್ಪಿತಾಗೂ ಗೊತ್ತಾಗ್ಲಿ, ಅವ್ರ ಅಣ್ಣಂದಿರಿಗೂ ಗೊತ್ತಾಗ್ಲಿ. ನಾನು ಕುಡ್ದಿರ್ಲಿಲ್ಲ. ಅಷ್ಟೇ ಬೇಕು ನಂಗೆ.”

ಆಮೇಲೆ, “ಹಿಟ್ಟು ಮಾಡೀಯೇನು?” ಎಂದ.

ಮುದ್ದೆ, ಹುರುಳಿಸಾರು ತಂದಿಟ್ಟೆ. ದಿಂಬಿಗೆ ಒರಗಿ ತಾನೇ ಮುರಿದು ನುಂಗಿದ. ತಟ್ಟೆ ಖಾಲಿಯಾಯಿತು.

“ಇನ್ನೊಂದು ಹಾಕು.”

ನಾನು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒತ್ತಿಕೊಂಡೆ.

ಟ್ರಾಕ್ಟರ್ ಬಂತು. ಟ್ರೇಲರಿನಲ್ಲಿ ಅಡಿಕೆ ಸಿಪ್ಪೆಯ ಕೊಳೆ. “ಇದ್ರಾಗೆ ಹಾಕಿದ್ರೆ ಹಳ್ಳ ಹಳ್ಳಕ್ಕೂ ನಡ ಕುಕ್ತೈತೆ. ಒಮ್ಮೆ ಮಡಚಿ ಒಯ್ದಿದ್ದು ಸಾಲ್ದೇನು?” ಎಂದೆ. ಮಾಲತೇಶ ಏನೋ ಗೊಣಗಿದ. ಆಳುಗಳ ಜೊತೆ ಹಿಂದೆಯೇ ಬಂದಿದ್ದ ಚಿತ್ತಪ್ಪ ಬಾಗಿಲಿಗೆ ಬಂದು ಒಳಗೆ ಇಣುಕಿದ. ದೊಡ್ಡ ಮೈಯ ಮನುಷ್ಯ. ಮಂಚದ ಮೇಲಿದ್ದ ಮಗನ ಕಾಲುಗಳನ್ನು ನೋಡಿ, ಟ್ರಾಕ್ಟರ್ ಕಡೆ ತಿರುಗಿ ಬೇಡವೆಂದು ಕೈ ಆಡಿಸಿದ. ಮರ ಹತ್ತಿ ಹತ್ತಿ ಬಿಗಿಯಾಗಿದ್ದ ಕಾಲುಗಳು ಈಗ ಒಣ ಸೋಗೆಯ ದಂಟಿನ ಹಾಗಿದ್ದವು.

“ಮಂಚ ಸಮೇತ ಎತ್ತಾಣ ಹನುಮಂತಕ್ಕ. ಅಲುಗ್ದಂಗೆ ಒಯ್ತೀವಿ,” ಎಂದ.

ಚಿತ್ತಪ್ಪ ಸೇರಿ ನಾಲ್ಕು ಜನ ಮಂಚಕ್ಕೆ ಹೆಗಲು ಕೊಟ್ಟರು. ಅವರಲ್ಲಿ ಒಂದು ಮೂಲೆ ಹಿಡಿದವನು ನಿಂಗರಾಜ. ಅವನು ತಲೆ ಎತ್ತಲಿಲ್ಲ. ಬಾಗಿಲು ದಾಟಿದಾಗ ತಿಪ್ಪೇಶಿ ಬಿಸಿಲಿಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಮ್ಮ ಪಕ್ಕದ ಮನೆಯ ಶಂಕ್ರಮ್ಮ ಒಂದು ಕೊಡೆ ತಂದು ಅವನ ತಲೆಗೆ ಹಿಡಿದು ಜೊತೆಗೆ ನಡೆದಳು. ಉಚ್ಚೆಯ ಚೀಲವನ್ನು ಮಂಚದ ಕಾಲಿಗೆ ಕಟ್ಟಿ ನಾನು ಅದರ ಪಕ್ಕದಲ್ಲಿ ನಡೆದೆ.

ಮೇಲಿನ ಕೇರಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರು ಮಂಚ ನೋಡಿ ತಲೆಯ ಟವಲ್ಲು ತೆಗೆದು ಎದ್ದು ಕೈ ಮುಗಿದರು.

“ಇನ್ನೂ ಇದ್ದೀನಿ ಅಜ್ಜ, ಕೂತ್ಕಳ್ರಿ,” ಎಂದ ತಿಪ್ಪೇಶಿ.

ಹೊತ್ತವರಿಗೆ ನಗು ತಡೆಯಲಾಗಲಿಲ್ಲ. ಮಂಚ ಅಲುಗಿತು. “ನಗಿಸಬ್ಯಾಡಲೇ, ಕೆಡವಿಬಿಡ್ತೀವಿ” ಎಂದ ಚಿತ್ತಪ್ಪ. “ಇನ್ನೆಲ್ಲಿಗೆ ಕೆಡುವ್ತೀಯ ಚಿತ್ತಪ್ಪಣ್ಣ” ಎಂದ ಇವನು. ಸುಮಾರು ದಿನದ ಮೇಲೆ ನನ್ನ ಮಗ ಮಾತಿಗೆ ಮಾತು ಕೊಡುವುದನ್ನು ಕೇಳಿದೆ.

ತೋಟ ಸೂಳೆಕೆರೆಯ ಕಾಲುವೆಯ ಪಕ್ಕದಲ್ಲಿದೆ. ಮಲ್ಲೇಶಪ್ಪ ಗೌಡರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸುಲಿಯುವ ಹೆಂಗಸರು, ಆಳುಗಳು ಒಂದು ಕಡೆ ಗುಂಪಾಗಿದ್ದರು. ಸಾಲಿನ ತುದಿಯಲ್ಲಿದ್ದ ಚೌಡಮ್ಮನ ಕಲ್ಲಿಗೆ ಪೂಜಾರಿ ನಾಗರಾಜಪ್ಪ ಹೂವು ಏರಿಸುತ್ತಿದ್ದ. ಮಂಚ ಬರುವುದನ್ನು ನೋಡಿ ಕೈ ಅಡ್ಡ ಮಾಡಿದ.

“ಅಲ್ಲೇ ನಿಲ್ರಿ! ಅದೇನದು, ಚೀಲ?”

“ಉಚ್ಚೆ ಚೀಲ ಸ್ವಾಮಿ,” ಎಂದೆ.

“ಥೂ! ಅಮ್ಮನ ಮುಂದೆ ಉಚ್ಚೆ ತರ್ತೀರಾ? ಮೊದ್ಲೇ ಕೆಳಗಿನ ಕೇರಿಯೋರು, ಅದ್ರಾಗೆ ಇದು ಬ್ಯಾರೆ. ತೆಗ್ದು ಆಚೆ ಒಗೆದು ಬರ್ರಿ.”

“ತೆಗದ್ರೆ ಒಳಗೆ ಕಟ್ಕಂಡು ಜ್ವರ ಬರ್ತೈತೆ ಸ್ವಾಮಿ. ಪೈಪು ತೂರಿಸಾಕೆ ದಾವಣಗೆರೆಗೆ ಹೋಗ್ಬೇಕು.”

“ಅದು ನನ್ ಪಾಡೇನು?”

ಚಿತ್ತಪ್ಪ ಮಂಚದ ಕಾಲು ಹೆಗಲಲ್ಲಿ ಹೊತ್ತುಕೊಂಡೇ ಹೇಳಿದ: “ಪೂಜಾರಪ್ಪ, ಹೊತ್ತುಗಟ್ಲೆ ಮರದ ಮೇಲೇ ಇರ್ತೀವಿ. ಉಚ್ಚೆ ಬಂದ್ರೆ ಇಳಿದು ಬರ್ತೀವಿ ಅಂದ್ಕಂಡೀಯಾ? ಈ ಅಮ್ಮನ ತಲೆ ಮೇಲೆ ಎಷ್ಟು ಸುರಿದೈತೋ. ಅವ್ಳು ಏನೂ ಅಂದಿಲ್ಲ. ನೀನ್ಯಾಕೆ ಅಂತೀಯ, ಸುಮ್ನಿರು.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗೌಡರು “ಆಯ್ತು, ಬಿಡಪ್ಪ ಒಳಗೆ” ಎಂದು ಕೈ ಬೀಸಿದರು.

ಮರ ತೋರಿಸಿದರು. ಬೇರೆ ಮರಗಳ ಹಾಗೇ ಇತ್ತು. ನೆಟ್ಟಗೆ, ಮೇಲೆ ಗೊನೆಗಳ ಭಾರ. ಕೆಲವು ಕಾಯಿ ಹಳದಿಗೆ ತಿರುಗಿದ್ದವು. ಮರದ ಬುಡ ಎತ್ತರಕ್ಕಿತ್ತು. ಅಲ್ಲಿಂದ ನೆಲ ಇಳಿಜಾರಾಗಿ ಸಾಲಿಗೆ ನೀರು ಹಾಯುವ ಸಣ್ಣ ಕಾಲುವೆಗೆ ಸೇರುತ್ತಿತ್ತು.

“ಕೆಳಗೆ ಮಲಗಿಸ್ರಿ. ಬಿದ್ದಿದ್ದ ಕಡೇನೇ,” ಎಂದ ತಿಪ್ಪೇಶಿ.

“ಮಂಚದ ಮೇಲಿಂದ್ಲೇ ಮುಟ್ಟು ಸಾಕು,” ಎಂದ ಮಾಲತೇಶ.

“ಕೆಳಗೆ.”

ಜಮಖಾನ ಹಾಸಿ, ತಲೆ ಬುಡದ ಕಡೆ, ಕಾಲು ಕಾಲುವೆಯ ಕಡೆ ಮಾಡಿ ಮಲಗಿಸಿದೆವು. ಹುಣ್ಣು ನೆಲಕ್ಕೆ ತಾಕದಂತೆ ನಾನು ಮಗ್ಗುಲಿಗೆ ದಿಂಬು ಕೊಟ್ಟೆ. ನೆಲದ ತಂಪಿಗೆ ಇರಬೇಕು, ಅವನ ಕಾಲುಗಳು ಇದ್ದಕ್ಕಿದ್ದಂತೆ ಪಟಪಟನೆ ಅದುರತೊಡಗಿದವು. ಮೊಣಕಾಲು ಮಡಚಿ ಮೇಲೆ ಎದ್ದಿತು.

“ಅಮ್ಮ ಬಂದ್ಲು! ಕಾಲು ಕೊಟ್ಲು! ನೋಡ್ರೋ ಮಹಿಮೆ!” ಪೂಜಾರಿ ಗಂಟೆ ಬಾರಿಸಿದ. ಹೆಂಗಸರು ಕೈ ಮುಗಿದರು. ಗೌಡರು ಕುರ್ಚಿಯಿಂದ ಅರ್ಧ ಎದ್ದರು.

“ಅಮ್ಮ ಅಲ್ಲ ಪೂಜಾರಪ್ಪ, ನರ,” ಎಂದ ತಿಪ್ಪೇಶಿ. “ದಿನಾ ಹಿಂಗೇ ಕುಣೀತಾವೆ. ನನ್ ಕೇಳಿ ಕುಣಿಯಲ್ಲ.”

ನಾನು ಕಾಲುಗಳನ್ನು ಅಪ್ಪಿಕೊಂಡು ಕೂತೆ. ಅದುರುವುದು ನಿಂತಿತು. ಗಂಟೆಯೂ ನಿಂತಿತು.

ಗೌಡರು ಗಂಟಲು ಸರಿಮಾಡಿಕೊಂಡರು. “ಆಯ್ತಲ್ಲ. ಕುಂಕುಮ ಇಡು, ನಂದೇ ತಪ್ಪು ಅನ್ನು. ಹೊತ್ತಾಗ್ತೈತೆ. ನಿಮ್ಮವ್ವಗೆ ಒಂದು ಸೀರೆ ತರಿಸೀನಿ.”

ಮಾಲತೇಶ ಕುಂಕುಮದ ತಟ್ಟೆ ಹಿಡಿದ. ತಿಪ್ಪೇಶಿ ಅದನ್ನು ಮುಟ್ಟಲಿಲ್ಲ.

“ಗೌಡ್ರೇ, ನಾನು ಅನ್ನಾಕಿಂತ ಮೊದ್ಲು ನೀವೊಂದು ಅನ್ರಿ. ನಾನು ಎಲ್ಲಿ ಬಿದ್ದೆ?”

“ಏನಲೇ ಅದು ಕೇಳಾದು?”

“ಬೈಕಿಂದ ಬಿದ್ದೋನು ಮರಕ್ಕೆ ಯಾಕೆ ತಪ್ಪು ಒಪ್ಪಬೇಕು? ಬೈಕಿಗೆ ಒಪ್ತೀನಿ. ತಗಂಡು ಬರ್ರಿ ಬೈಕು.”

ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌಡರ ಕತ್ತು ಕೆಂಪಾಯಿತು.

“ಸೂಳೆಮಗನೇ, ಮೈಯಾಗೆ ನಡ ಇಲ್ದಿದ್ರೂ ನಾಲ್ಗೆ ನೆಟ್ಟಗೈತಲ್ಲಲೇ. ಹೇಳಿದ್ದು ಮಾಡು.”

“ಮರದಿಂದ ಬಿದ್ದ, ನಾನೇ ರಸ್ತೆಗೆ ಒಯ್ಯಾಕೆ ಹೇಳ್ದೆ ಅನ್ರಿ. ಆಮೇಲೆ ಮುಟ್ತೀನಿ. ಎಷ್ಟು ಸಲ ಬೇಕಾದ್ರೂ ಮುಟ್ತೀನಿ.”

ಚಿತ್ತಪ್ಪ ಗೌಡರ ಕಡೆ ತಿರುಗಿದ. “ಹುಡುಗ ಕೇಳಾದು ಸರಿ ಐತಲ್ರೀ. ಮರದ ಮುಂದೆ ಸುಳ್ಳು ಇಟ್ಕಂಡು ನಾವು ಹೆಂಗೆ ಹತ್ತಾದು?”

“ನಿಂಗರಾಜ ಆಗ್ಲೇ ಹೇಳ್ಯಾನಲ್ಲೋ, ಮತ್ತೆ ನಾನ್ಯಾಕೆ ಹೇಳ್ಬೇಕು?”

“ನಿಂಗರಾಜ ಹೇಳಿದ್ದಕ್ಕೆ ನಾವು ಇಳಿದ್ವಿ. ನೀವು ಹೇಳಿದ್ರೆ ಹತ್ತೀವಿ.”

ಮಾಲತೇಶ ಗೌಡರ ಕಿವಿಯ ಹತ್ತಿರ ಬಗ್ಗಿದ. ಆದರೆ ಅವನ ಗಾಬರಿಗೆ ದನಿ ಎಲ್ಲರಿಗೂ ಕೇಳಿಸಿತು. “ಅಂದ್ಬಿಡ್ರಿ ಗೌಡ್ರೇ, ನಿಮ್ ಗಂಟೇನ್ ಹೋಗ್ತೈತೆ? ಕಾಯಿ ಹಣ್ಣಾಗಾಕ್ ಹತ್ಯಾವೆ.”

“ಅಂದ್ರೆ ನಾಳೆ ಕೋರ್ಟಿಗೆ ನೀನು ಬರ್ತೀಯೇನಲೇ ನನ್ ಬದ್ಲು?” ಗೌಡರು ಕುರ್ಚಿಯ ಕೈ ಗುದ್ದಿದರು. “ಯಾವನಲೇ ಅವ್ನು ಫೋನ್ ಹಿಡಿದಿರಾದು? ಒಳಗಿಡಲೇ ಬಾಡ್ಕೋ! ಎತ್ರಿ ಇವನ್ನ. ಹೊರಗೆ ಹಾಕ್ರಿ.”

ಯಾರೂ ಮುಂದೆ ಬರಲಿಲ್ಲ.

“ಮಾಲತೇಶ, ಎತ್ತು.”

ಮಾಲತೇಶ ಒಂದು ಹೆಜ್ಜೆ ಇಟ್ಟ. ತಿಪ್ಪೇಶಿ ಎರಡೂ ಕೈಯಿಂದ ಮರ ತಬ್ಬಿಕೊಂಡ. ಆ ಕೈಗಳಲ್ಲಿ ಇನ್ನೂ ಮರ ಹತ್ತುವವನ ಶಕ್ತಿ ಇತ್ತು. “ಎತ್ತಿದ್ರೆ ಮತ್ತೆ ಮುರೀತೈತೆ. ಆವಾಗ್ಲೂ ಬೈಕಿಂದ ಬಿದ್ದ ಅಂತ ಬರೆಸ್ರಿ. ಒಮ್ಮೆ ಇಲ್ಲಿಂದ ಎತ್ಕಂಡ್ ಹೋಗಿದ್ದಕ್ಕೇ ಹಿಂಗಾಗೀನಿ. ಗೌಡ ಅನ್ನೋವರ್ಗೂ ನಾನಿಲ್ಲಿಂದ ಎದ್ದೇಳಲ್ಲ.” ಸ್ವಲ್ಪ ತಡೆದು, “ಎದ್ದೇಳಾಕೂ ಆಗಲ್ಲ ಬಿಡ್ರಿ,” ಎಂದ.

ಮಾಲತೇಶ ಹಿಂದೆ ಸರಿದ. ಆಳುಗಳು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ಮೇಲೆ ಗಾಳಿಗೆ ಸೋಗೆ ಸದ್ದು ಮಾಡಿತು. ಹಣ್ಣಾದ ಒಂದು ಕಾಯಿ ಎಲ್ಲೋ ಬಿತ್ತು. ಮಾಲತೇಶ ಆ ಸದ್ದಿನ ಕಡೆ ನೋಡಿ ತಲೆ ಹಿಡಿದುಕೊಂಡ.

ಗೌಡರು ನನ್ನ ಕಡೆ ತಿರುಗಿದರು. ಈಗ ದನಿ ಇಳಿಸಿದ್ದರು.

“ಹನುಮಂತಿ, ಹೆತ್ತೋಳು ನೀನು. ನೀನಾದ್ರೂ ಬುದ್ಧಿ ಹೇಳು. ಎಳ್ಕಂಡ್ ಹೋಗು ಮನೆಗೆ. ನೀರು ಹಾಯಿಸೋ ಹೊತ್ತಾಗೈತೆ. ಹುಣ್ಣು ನೀರು ಕುಡಿದ್ರೆ ಇವ್ನು ಉಳಿಯಲ್ಲ. ನಿಂಗೆ ಗೊತ್ತೈತಲ್ಲ?”

ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಹನಿ ಬೆವರು ನಿಲ್ಲದಂತೆ ಒರೆಸಿ ಒರೆಸಿ ಉಳಿಸಿಕೊಂಡಿದ್ದೆ. ನಾನೂ ಶಂಕ್ರಮ್ಮನೂ ಹಿಡಿದರೆ ಜಮಖಾನ ಸಮೇತ ಎಳೆದುಕೊಂಡು ಹೋಗಬಹುದಿತ್ತು. ಮನೆ, ಮಂಚ, ಗೋಡೆ. ಮಗನ ಮುಖ ನೋಡಿದೆ. ಅವನು ಕಣ್ಣಿನಲ್ಲೇ ಬೇಡ ಎಂದ.

“ನೀವು ಒಂದು ಮಾತು ಅಂದ್ರೆ ಕರ್ಕಂಡ್ ಹೋಗ್ತೀನಿ ಗೌಡ್ರೇ,” ಎಂದೆ.

“ನೀನೂ ಅಷ್ಟೇನಾ!” ಗೌಡರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ತಾವೇ ಪಂಚೆ ಎತ್ತಿ ಕಟ್ಟಿಕೊಂಡು ದೊಡ್ಡ ಕಾಲುವೆಯ ತೂಬಿಗೆ ನಡೆದರು. ಹಲಗೆ ಎಳೆದದ್ದು ಕೇಳಿಸಿತು. “ಯಾವನು ಮಣ್ಣಿಗೆ ಕೈ ಹಾಕ್ತಾನೋ, ನಾಳೆಯಿಂದ ಅವ್ನಿಗೆ ಈ ಸೀಮೇಲಿ ಯಾವ ತೋಟದಾಗೂ ಕೆಲ್ಸ ಇಲ್ಲ! ನೆನಪಿರ್ಲಿ!”

ಸಾಲಿನ ತಲೆಯಲ್ಲಿ ನೀರು ಕಾಣಿಸಿತು. ಒಣಗಿದ ಅಡಿಕೆಹಾಳೆ, ಸಿಪ್ಪೆ, ನೊರೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು ನಿಧಾನವಾಗಿ ಬಂತು. ನಾನು ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಬಾಚಿ ಅವನ ಕಾಲಿನ ಸುತ್ತ ಬದು ಕಟ್ಟತೊಡಗಿದೆ. ನೆಲ ಗಟ್ಟಿಯಾಗಿತ್ತು, ಉಗುರು ಮುರಿಯಿತು. ಶಂಕ್ರಮ್ಮ ಕೊಡೆ ಎಸೆದು ಆ ಕಡೆಯಿಂದ ಬಾಚಿದಳು. ಆಳುಗಳು ಎದ್ದು ನಿಂತಿದ್ದರು. ಚಿತ್ತಪ್ಪನ ಕೈ ಮುಷ್ಟಿ ಕಟ್ಟಿತ್ತು, ಮತ್ತೆ ಬಿಚ್ಚಿತು. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ನಿಂಗರಾಜ ಒಬ್ಬನೇ ಬಂದು ಕಾಲುವೆಗೆ ಇಳಿದು, ಬೆನ್ನು ಕೊಟ್ಟು ನೀರಿಗೆ ಅಡ್ಡ ಕೂತ. ನೀರು ಅವನ ಎರಡೂ ಪಕ್ಕದಿಂದ ಸುತ್ತಿ ಬಂತು.

ನಾನು ಕಟ್ಟಿದ ಬದು ಒಂದು ಕಡೆ ನೆನೆದು ಕುಸಿಯಿತು. ಅಲ್ಲಿಗೆ ಇನ್ನೊಂದು ಬೊಗಸೆ ಹಾಕಿದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೋಯಿತು.

“ಅವ್ವ,” ಎಂದ ತಿಪ್ಪೇಶಿ. ಮರವನ್ನು ತಬ್ಬಿಕೊಂಡೇ ಇದ್ದ. ಕತ್ತು ಎತ್ತಿ ನೋಡಲು ಅವನಿಗೆ ಆಗುತ್ತಿರಲಿಲ್ಲ. “ನೀರು ಎಲ್ಲಿಗೆ ಬಂತು?”

ಅವನ ಪಾದಗಳು ಮುಳುಗಿದ್ದವು. ಮೀನಖಂಡದ ಸುತ್ತ ಸಿಪ್ಪೆಯ ನೊರೆ ತಿರುಗುತ್ತಿತ್ತು.

“ಹಿಮ್ಮಡಿಗೆ,” ಎಂದೆ.

“ಗೌಡ ಏನಾದ್ರೂ ಅಂದ್ನಾ?”

ತೂಬಿನ ಕಡೆ ನೋಡಿದೆ. ಗೌಡರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

“ಇಲ್ಲ ಕಣಪ್ಪ.”

“ಹಂಗಾದ್ರೆ ಇರ್ಲಿ ಬಿಡು,” ಎಂದ ನನ್ನ ಮಗ. “ಎದೆಗೆ ಬಂದ್ರೆ ನಂಗೇ ಗೊತ್ತಾಗ್ತೈತೆ.”